ನಮ್ಮಮ್ಮನ ಕಿವಿ, ತಮ್ಮ ನೂರ ಎಂಬತ್ತೇಳು ರೂಪಾಯಿ

ಹಂದನಕೆರೆ,
೧೨ನೇ ಅಕ್ಟೋಬರ್ ೧೯೮೩

ಗೆ,
ಮಾನ್ಯ ಶಾಖಾ ವ್ಯವಸ್ಥಾಪಕರು,
ಅಭಯಹಸ್ತ ಜನರಲ್ ಇನ್ಷೂರೆನ್ಸ್ ಕಂಪನಿ,
ತಿಪಟೂರು ಶಾಖೆ.

ವಿಷಯ: ನಿಂತಿದ್ದ ಮೋಟಾರ್ ಸೈಕಲ್ಲಿನ ಮೇಲೆ ಬಿದ್ದ ಮೂರು ಸಾವಿರ ತೆಂಗಿನಕಾಯಿ ಹಾಗೂ ನಮ್ಮ ತಾಯಿಯವರ ಕಿವಿ.
ಉಲ್ಲೇಖ: ತಮ್ಮ ಏಳು ಪತ್ರಗಳು, ನನ್ನ ಹನ್ನೊಂದು ಪತ್ರಗಳು.

ಮಾನ್ಯರೇ,

ತಮಗೂ, ತಮ್ಮ ಮೇಜಿನ ಮೇಲಿನ ಗಾಜಿಗೂ, ಬಾಗಿಲಲ್ಲಿ ಸ್ಟೂಲು ಹಾಕಿಕೊಂಡು ಕೂತು 'ಸಾಹೇಬ್ರು ಮೀಟಿಂಗಲ್ಲವ್ರೆ' ಎಂದು ನನಗೆ ಒಂಬತ್ತು ಸಲ ಒಂದೇ ರಾಗದಲ್ಲಿ ತಿಳಿಸಿದ ತಮ್ಮ ಜವಾನರಿಗೂ, ನನ್ನ ಕಡತವನ್ನು ಬಿಗಿಯಾಗಿ ಕಟ್ಟಿರುವ ಆ ಕೆಂಪು ದಾರಕ್ಕೂ ಹಂದನಕೆರೆ ಸಂತೆಬೀದಿಯ ಸ್ಟೇಷನರಿ ಅಂಗಡಿಯ ತೋಂಟದಾರ್ಯನಾದ ನಾನು ಸಾಲಾಗಿ ಕೈ ಮುಗಿದು ಅರಿಕೆ ಮಾಡಿಕೊಳ್ಳುವುದೇನೆಂದರೆ, ನಾವು ಇಲ್ಲಿ ಕ್ಷೇಮ, ನಮ್ಮ ಮೋಟಾರ್ ಸೈಕಲ್ಲು ಮಾತ್ರ ಕ್ಷೇಮವಿಲ್ಲ, ಮತ್ತು ಅದರ ಕ್ಷೇಮದ ಜವಾಬ್ದಾರಿಯನ್ನು ವರ್ಷಕ್ಕೊಂದು ಕಂತು ಪಡೆದು ಹೊತ್ತುಕೊಂಡಿರುವ ತಾವು ಕ್ಷೇಮವಾಗಿರುವಿರೆಂದು ತಿಳಿದು ನಮಗೆ ಬಹಳ ಸಮಾಧಾನವಾಗಿದೆ.

ಹಿಂದಿನ ಹನ್ನೊಂದು ಪತ್ರಗಳನ್ನು ಲಕೋಟೆಗೆ ಹಾಕಿ, ಅಂಟು ಹಚ್ಚಿ, ಸ್ಟಾಂಪು ಅಂಟಿಸಿ ಕಳಿಸಿದ್ದವನು ಇದನ್ನು ಮಾತ್ರ ಪತ್ರಿಕೆಗೆ ಕೊಟ್ಟಿದ್ದೇಕೆ ಎಂದು ತಾವು ನೊಂದುಕೊಳ್ಳಬಾರದು. ಅದಕ್ಕೊಂದು ಕಾರಣವಿದೆ, ಮುಂದೆ ಹೇಳುತ್ತೇನೆ. ಕಾಗದವೂ ಮಸಿಯೂ ಲಕೋಟೆಯೂ ನನ್ನ ಅಂಗಡಿಯವೇ ಆದ್ದರಿಂದ ತಮ್ಮೊಂದಿಗಿನ ಪತ್ರ ವ್ಯವಹಾರದಿಂದ ನನಗೆ ನಷ್ಟವೆಂದು ಯಾರೂ ತಿಳಿಯಬಾರದು. ಈ ಎರಡು ತಿಂಗಳಲ್ಲಿ ನನ್ನ ಅಂಗಡಿಗೆ ನನಗಿಂತ ಒಳ್ಳೆಯ ಗಿರಾಕಿ ಬಂದಿಲ್ಲ.

ಮೊದಲಿಗೆ, ಎರಡು ವರ್ಷದ ಹಿಂದೆ ಈ ಸಂಬಂಧ ಶುರುವಾದ ಬಗೆಯನ್ನು ನೆನಪಿಸುತ್ತೇನೆ. ನನ್ನ ಹೆಂಡತಿ ಗಿರಿಜಾಂಬಿಕಾ ಆರು ವರ್ಷ ಕಾದು ಕಾದು ಕೊನೆಗೆ ಪ್ರೈಮರಿ ಶಾಲೆ ಮೇಡಂ ಆದಳು. ಶಾಲೆ ಇರುವುದು ನಮ್ಮೂರಿಂದ ಒಂಬತ್ತು ಕಿಲೋಮೀಟರು ಆಚೆಯ ಗೊಲ್ಲರಹಟ್ಟಿಯಲ್ಲಿ. ಶಾಲೆಯ ಗಂಟೆ ಹತ್ತಕ್ಕೆ, ಆ ಕಡೆಗೆ ಹೋಗುವ ಬಸ್ಸು ಹನ್ನೊಂದಕ್ಕೆ. ಈ ಒಂದು ಗಂಟೆಯ ಕಂದಕವನ್ನು ದಾಟಲೆಂದೇ ನಾನು ಒಂದು ವರ್ಷದ ಕೊಬ್ಬರಿ ದುಡ್ಡನ್ನೆಲ್ಲ ಸುರಿದು ರಾಜದೂತ್ ಮೋಟಾರ್ ಸೈಕಲ್ಲು ಕೊಂಡೆ. ತಮ್ಮ ಏಜೆಂಟರು ಅದೇ ದಿನ ಮನೆ ಹುಡುಕಿಕೊಂಡು ಬಂದು, ನಮ್ಮ ಮನೆಯ ಎಳನೀರು ಕುಡಿದು, ಎಲ್ಲ ಬಗೆಯ ನಷ್ಟಕ್ಕೂ ಒದಗುವ ದೊಡ್ಡ ಪಾಲಿಸಿಯನ್ನೇ ಬರೆದುಕೊಂಡು, ಆಕಾಶ ಕಳಚಿ ಬಿದ್ದರೂ ನಮ್ಮ ಕಂಪನಿ ಕೊಡುತ್ತದೆ ಎಂದು ಮಾತು ಕೊಟ್ಟರು. ಅಟ್ಟ ಆಕಾಶಕ್ಕಿಂತ ಬಹಳ ಕೆಳಗಿರುವ ವಸ್ತು ಎಂಬುದನ್ನು ಆವತ್ತೇ ಗಮನಿಸದೆ ಹೋದದ್ದು ನಮ್ಮ ತಪ್ಪು.

ಮುಂದೆ ಕಳೆದ ವರ್ಷ ಅಂಗಡಿ ಮುಂದೆ ನಿಲ್ಲಿಸಿದ್ದಾಗ ಗಾಡಿಯ ಕನ್ನಡಿಯನ್ನು ಯಾರೋ ಬಿಚ್ಚಿಕೊಂಡು ಹೋದರು. ನಾನು ಬರೆದೆ. ತಾವು ಉತ್ತರ ಕೊಟ್ಟಿರಿ. ಆ ಉತ್ತರವನ್ನು ನಾನು ಇವತ್ತಿಗೂ ಬಾಯಿಪಾಠ ಒಪ್ಪಿಸಬಲ್ಲೆ: ವಾಹನವನ್ನು ಬೀದಿಯಲ್ಲಿ ನಿಲ್ಲಿಸಿದ್ದು ವಿಮೆದಾರರ ಅಜಾಗರೂಕತೆ, ಆದ್ದರಿಂದ ಕ್ಲೇಮು ತಿರಸ್ಕೃತ, ಇನ್ನು ಮುಂದೆ ವಾಹನವನ್ನು ಸೂರಿರುವ, ಬಾಗಿಲಿರುವ, ಭದ್ರವಾದ ಸ್ಥಳದಲ್ಲಿ ನಿಲ್ಲಿಸತಕ್ಕದ್ದು. ಸ್ವಾಮಿ, ತಮ್ಮ ಮಾತನ್ನು ನಾವು ಎಷ್ಟು ಭಕ್ತಿಯಿಂದ ಪಾಲಿಸಿದೆವು ಎನ್ನುವುದೇ ಈ ಪತ್ರದ ಸಾರಾಂಶ. ತೆಂಗಿನ ಸೀಮೆಯ ಯಾವ ಮನೆಯಲ್ಲಾದರೂ ಕೇಳಿ, ಸೂರಿರುವ, ಬಾಗಿಲಿರುವ, ಎಲ್ಲಕ್ಕಿಂತ ಭದ್ರವಾದ ಸ್ಥಳ ಒಂದೇ. ಅದು ನಡುಮನೆಯ ಅಟ್ಟದ ಕೆಳಗೆ. ಹೆಣ್ಣುಮಕ್ಕಳ ಮದುವೆ ಸೀರೆಯ ಟ್ರಂಕು ಇರುವುದು ಅಲ್ಲಿ, ಬಿತ್ತನೆ ರಾಗಿ ಇರುವುದು ಅಲ್ಲಿ. ಟ್ರಂಕನ್ನು ಪಕ್ಕಕ್ಕೆ ಸರಿಸಿ, ರಾಗಿ ವಾಡೆಯನ್ನು ಮೂಲೆಗೆ ನೂಕಿ, ಅಲ್ಲಿ ರಾಜದೂತನನ್ನು ಸ್ಟ್ಯಾಂಡು ಹಾಕಿ ನಿಲ್ಲಿಸಿ, ನಮ್ಮ ತಾಯಿ ಶಿವರುದ್ರಮ್ಮನವರು ಅದರ ಹ್ಯಾಂಡಲ್ಲಿಗೆ ವಿಭೂತಿ ಹಚ್ಚಿದರು.

ಅಟ್ಟದ ಬಗ್ಗೆ ಎರಡು ಮಾತು. ತಾವು ತಿಪಟೂರಿಗೆ ಹೊಸಬರಂತೆ, ಮೇಲಾಗಿ ಸದಾ ಮೀಟಿಂಗಿನಲ್ಲಿರುವವರು, ಆದ್ದರಿಂದ ಹೇಳುತ್ತಿದ್ದೇನೆ. ಬಲಿತ ತೆಂಗಿನಕಾಯಿಯನ್ನು ನಾವು ಸಿಪ್ಪೆ ಸಮೇತ ಅಟ್ಟಕ್ಕೆ ತುಂಬುತ್ತೇವೆ. ಹತ್ತು ತಿಂಗಳೋ ವರ್ಷವೋ ಅದು ಅಲ್ಲೇ ಕೂತು, ಒಳಗಿನ ನೀರೆಲ್ಲ ಇಂಗಿ, ತಿರುಳು ಚಿಪ್ಪಿನಿಂದ ಬಿಟ್ಟುಕೊಂಡು ಉಂಡೆ ಕೊಬ್ಬರಿ ಆಗುತ್ತದೆ. ಆಗಿದೆಯೋ ಇಲ್ಲವೋ ಎಂದು ಹೊರಗಿನಿಂದ ಯಾರಿಗೂ ಕಾಣುವುದಿಲ್ಲ. ಅಂಚಿನ ಒಂದು ಕಾಯಿಯನ್ನು ಎಳೆದು, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಬೇಕು. ಕುಳುಕುಳು ಎಂದರೆ ಇನ್ನೂ ನೀರಿದೆ. ಗೊಡಗೊಡ ಎಂದರೆ ಕೊಬ್ಬರಿ. ಏನೂ ಅನ್ನದಿದ್ದರೆ ಒಳಗೆ ಕೊಳೆತಿದೆ. ಕುಳುಕುಳುವಿಗೂ ಗೊಡಗೊಡಕ್ಕೂ ನಡುವೆ ಇನ್ನೂ ಹದಿನೆಂಟು ಬಗೆಯ ಸದ್ದುಗಳಿವೆ, ಅವು ನನಗೆ ಕೇಳುವುದಿಲ್ಲ. ನಮ್ಮಮ್ಮನಿಗೆ ಕೇಳುತ್ತವೆ. ಅವರು ಬಲಗಿವಿಗೆ ಒಮ್ಮೆ, ಎಡಗಿವಿಗೆ ಒಮ್ಮೆ ಹಿಡಿದು, ಕಣ್ಣು ಮುಚ್ಚಿ, 'ಇನ್ನು ಇಪ್ಪತ್ತು ದಿನ' ಎಂದರೆ ಇಪ್ಪತ್ತು ದಿನವೇ. ಹುಳಿಯಾರು ಕಡೆಯವರೂ ಚೀಲದಲ್ಲಿ ಎರಡು ಕಾಯಿ ಹಾಕಿಕೊಂಡು ಬಂದು ನಮ್ಮ ಜಗಲಿಯಲ್ಲಿ ಕಾಯುತ್ತಾರೆ. ಇಡೀ ಅಟ್ಟವನ್ನೇ ಒಂದು ಮಾತಿಗೆ ಕೊಳ್ಳುವ ಮಂಡಿ ಸಾಹುಕಾರರು ಶಿವರುದ್ರಮ್ಮ ಕೇಳಿದ್ದಾರಾ ಎಂದು ಮೊದಲು ವಿಚಾರಿಸುತ್ತಾರೆ. ಎಪ್ಪತ್ತೊಂದು ವರ್ಷದ ಆ ಹೆಂಗಸಿಗೆ ಓದು ಬರಹ ಬಾರದು, ಒಡವೆ ಇಲ್ಲ, ಊರಿನಲ್ಲಿ ಅವರಿಗಿರುವ ಪದವಿ ಎಂದರೆ ಆ ಎರಡು ಕಿವಿ.

ನಮ್ಮ ಅಟ್ಟದ ತೊಲೆ ಶಿವರಾತ್ರಿಯಿಂದಲೇ ಕಿರುಗುಡುತ್ತಿತ್ತು ಎನ್ನುವುದನ್ನು ನಾನು ಮುಚ್ಚಿಡುವುದಿಲ್ಲ. ಮುಚ್ಚಿಟ್ಟು ಪ್ರಯೋಜನವೂ ಇಲ್ಲ, ಅದು ತಮ್ಮ ಕಡತದ ಮೂರನೇ ಹಾಳೆಯಲ್ಲಿದೆ. ಕಾಯಿ ಇಳಿಸಿ ತೊಲೆ ಬದಲಾಯಿಸೋಣ ಎಂದು ನಾನು ಹೇಳಿದೆ. "ಕಾಯಿ ಇನ್ನೂ ಮಾತಾಡಿಲ್ಲ ಕಣಪ್ಪ, ಈಗ್ಲೇ ಇಳಿಸಿದ್ರೆ ಯಾವನು ತಗೋತಾನೆ" ಎಂದು ಅಮ್ಮ ಹೇಳಿದರು. ತೊಲೆ ಮಾತಾಡುತ್ತಿದ್ದರೂ ಕಾಯಿ ಮಾತಾಡುವವರೆಗೆ ಕಾಯುವುದು ನಮ್ಮ ಸೀಮೆಯ ಪದ್ಧತಿ. ಕಂಪನಿಯವರಾದ ತಮಗೆ ಇದು ಅರ್ಥವಾಗದೆ ಇರದು. ಕ್ಲೇಮು ಎಷ್ಟೇ ಕಿರುಗುಟ್ಟಿದರೂ ಮೇಲಿನ ಆಫೀಸು ಮಾತಾಡುವ ತನಕ ತಾವೂ ಕಾಯುವವರೇ.

ಆಗಸ್ಟ್ ಹದಿನಾಲ್ಕು, ಭಾನುವಾರ, ಮಧ್ಯಾಹ್ನದ ಊಟ ಮುಗಿದಿತ್ತು. ಅಮ್ಮ ಗೋಡೆಗೆ ಏಣಿ ಒರಗಿಸಿ ಹತ್ತಿ, ಅಂಚಿನ ಕಾಯಿ ಒಂದನ್ನು ಎಳೆದರು. ಆ ಕಾಯಿ ತನ್ನ ಹಿಂದಿನ ಕಾಯಿಗೆ ಆಧಾರವಾಗಿತ್ತಂತೆ, ಅದು ಅದರ ಹಿಂದಿನದಕ್ಕೆ, ಎಲ್ಲ ಸೇರಿ ತೊಲೆಯ ಬಿರುಕಿಗೆ. ನಾನು ಜಗಲಿಯಲ್ಲಿ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದೆ. ಒಳಗೆ ಗುಡುಗಿದಂತಾಯಿತು. ಓಡಿ ಬಂದು ನೋಡಿದರೆ ನಡುಮನೆಯೇ ಇಲ್ಲ, ಕಾಯಿಯ ಗುಡ್ಡ ಇದೆ, ಗುಡ್ಡದ ಮೇಲೆ ರಾಜದೂತನ ಒಂದು ಹ್ಯಾಂಡಲ್ಲು ಮುಳುಗುವವನ ಕೈಯಂತೆ ಎದ್ದು ನಿಂತಿದೆ. ಗಿರಿಜಾಂಬಿಕಾ ಅಡಿಗೆಮನೆ ಬಾಗಿಲಲ್ಲಿ ಕಲ್ಲಾಗಿ ನಿಂತಿದ್ದಾಳೆ. ಧೂಳಿನ ಮಧ್ಯೆ, ಗೋಡೆಗೆ ಅಂಟಿಕೊಂಡಿದ್ದ ಏಣಿಯಿಂದ ನಮ್ಮಮ್ಮ ಒಂದೊಂದೇ ಮೆಟ್ಟಿಲು ಇಳಿದು ಬಂದರು. ಮೈಗೆ ಒಂದು ಗೀರೂ ಇಲ್ಲ. ಎಳೆದ ಕಾಯಿ ಕೈಯಲ್ಲೇ ಇತ್ತು. ಅದನ್ನು ಬಲಗಿವಿಗೆ ಹಿಡಿದು ಅಲ್ಲಾಡಿಸಿ, ಎಡಗಿವಿಗೆ ಹಿಡಿದು ಅಲ್ಲಾಡಿಸಿ, ನನ್ನ ಕಡೆ ತಿರುಗಿ ಹೇಳಿದರು: "ಒಣಗೈತೆ ಕಣ್ಲಾ. ಇನ್ನು ಇಳಿಸಬೋದು."

ಮಾರನೆಯ ದಿನ ಸ್ವಾತಂತ್ರ್ಯ ದಿನಾಚರಣೆ. ಬಾವುಟ ಹಾರಿಸುವ ಹೊತ್ತಿಗೆ ಮೇಡಂ ಇರಬೇಕು. ಮೇಡಂ ಬಸ್ಸಿನಲ್ಲಿ ಹೋಗಿ ತಲುಪುವ ಹೊತ್ತಿಗೆ ಮಕ್ಕಳು ಪೆಪ್ಪರಮೆಂಟು ತಿಂದು ಮನೆಗೆ ಹೋಗಿದ್ದರು, ಬಾವುಟ ಒಂದೇ ಇತ್ತು, ಅದಕ್ಕೆ ವಂದನೆ ಮಾಡಿ ವಾಪಸ್ಸು ಬಂದಳು. ಅಲ್ಲಿಂದಾಚೆಗೆ ಹಾಜರಿ ಪುಸ್ತಕದಲ್ಲಿ ಅವಳ ಹೆಸರಿನ ಮುಂದೆ ದಿನಕ್ಕೊಂದು ಕೆಂಪು ಗೀಟು. ಹೆಡ್‌ಮಾಸ್ತರರು ಒಳ್ಳೆಯವರು, ಗೀಟು ಎಳೆಯುವಾಗ ಸ್ಕೇಲು ಇಟ್ಟು ನೀಟಾಗಿ ಎಳೆಯುತ್ತಿದ್ದರಂತೆ. ಸೆಪ್ಟೆಂಬರಿನಲ್ಲಿ ಶಾಲಾ ಇನ್ಸ್‌ಪೆಕ್ಟರ ನೋಟೀಸು ಬಂತು: ಹೀಗೇ ಮುಂದುವರಿದರೆ ಕೆಲಸದ ಮೇಲೆ ಕ್ರಮ.

ಹುಳಿಯಾರಿನಿಂದ ಮೆಕ್ಯಾನಿಕ್ ಮಾಯಣ್ಣನನ್ನು ಕರೆಸಿದೆ. ಅವನು ಚಪ್ಪಟೆಯಾದ ಸೈಲೆನ್ಸರನ್ನು ಮುಟ್ಟಿ, ಟ್ಯಾಂಕಿನ ಗುಂಡಿಗಳನ್ನು ಎಣಿಸಿ, ಮುಂದಿನ ಚಕ್ರದ ಕಡ್ಡಿಗಳನ್ನು ಸವರಿ, "ಗಾಡಿ ಸತ್ತಿಲ್ಲ ಬುಡಣ್ಣ, ಮೂರ್ಛೆ ಹೋಗೈತೆ ಅಷ್ಟೆ" ಎಂದು ಧೈರ್ಯ ಹೇಳಿದ. ಮೂರ್ಛೆ ತಿಳಿಯಲು ಎರಡು ಸಾವಿರದ ಎಂಟುನೂರ ಅರವತ್ತು ರೂಪಾಯಿ ಆಗುತ್ತದೆಂದು ಚೀಟಿ ಬರೆದುಕೊಟ್ಟ. ಈ ಸಲದ ಕೊಬ್ಬರಿ ದುಡ್ಡು ಅಂಗಡಿಯ ಸಾಲಕ್ಕೆ ಮೊದಲೇ ಮುಡಿಪಾಗಿತ್ತು, ಆದ್ದರಿಂದ ಆ ಚೀಟಿಯನ್ನು ತಮ್ಮ ಅರ್ಜಿ ನಮೂನೆಗೆ ಲಗತ್ತಿಸಿದೆ.

ಆ ನಮೂನೆಯನ್ನು ರಚಿಸಿದ ಮಹಾನುಭಾವರಿಗೆ ನನ್ನ ಪ್ರತ್ಯೇಕ ನಮಸ್ಕಾರ ತಿಳಿಸಿ. ನಲವತ್ತಮೂರು ಪ್ರಶ್ನೆ. ಅಪಘಾತದ ಸಮಯದಲ್ಲಿ ವಾಹನದ ವೇಗವೆಷ್ಟು ಎಂದು ಕೇಳಿದ್ದಿರಿ, ಸೊನ್ನೆ ಎಂದು ಬರೆದೆ. ಎದುರು ವಾಹನ ಯಾವ ದಿಕ್ಕಿನಿಂದ ಬಂತು ಎಂದು ಕೇಳಿದ್ದಿರಿ, ಮೇಲಿನಿಂದ ಎಂದು ಬರೆದೆ. ಎದುರು ವಾಹನದ ಚಾಲಕರಿಗೆ ಲೈಸೆನ್ಸ್ ಇತ್ತೇ ಎಂದಿದ್ದಿರಿ. ತೆಂಗಿನಕಾಯಿಗಳಿಗೆ ಲೈಸೆನ್ಸ್ ಮಾಡಿಸುವ ಪದ್ಧತಿ ನಮ್ಮ ತಾಲ್ಲೂಕಿಗೆ ಇನ್ನೂ ಬಂದಿಲ್ಲವೆಂದೂ, ಬಂದ ಕೂಡಲೇ ನಾವೇ ಮೊದಲು ಮಾಡಿಸುವೆವೆಂದೂ ಬರೆದೆ. ಎದುರು ವಾಹನವು ಹಾರನ್ ಮಾಡಿತೇ ಎಂಬುದಕ್ಕೆ ಮಾತ್ರ ಹೌದು ಎಂದು ಬರೆಯಬೇಕಾಯಿತು, ಏಕೆಂದರೆ ತೊಲೆ ಆರು ತಿಂಗಳಿಂದ ಹಾರನ್ ಮಾಡುತ್ತಲೇ ಇತ್ತು.

ಮೂರು ವಾರವಾದ ಮೇಲೆ ತುಮಕೂರಿನಿಂದ ತಮ್ಮ ಸರ್ವೇಯರು ಬೆಟ್ಟಸ್ವಾಮಿಯವರು ದಯಮಾಡಿಸಿದರು. ಬಹಳ ಸಭ್ಯರು. ಗಾಡಿಯನ್ನು ಟೇಪಿನಲ್ಲಿ ಅಳೆದರು, ನೆಲವನ್ನು ಅಳೆದರು, ಅಟ್ಟವಿದ್ದ ಜಾಗದಲ್ಲಿ ಈಗಿರುವ ಗಾಳಿಯನ್ನೂ ಅಳೆದರು. ಮನೆಗೆ ಬಂದ ದೊಡ್ಡ ಮನುಷ್ಯರನ್ನು ಬರಿಗೈಯಲ್ಲಿ ಕಳಿಸಬಾರದೆಂದು ನಮ್ಮಮ್ಮ ಅವರಿಗೆ ಉಪ್ಪಿಟ್ಟು ಕೊಟ್ಟು, ಕಾಫಿ ಕೊಟ್ಟು, ಹನ್ನೆರಡು ಉಂಡೆ ಕೊಬ್ಬರಿಯನ್ನು ಚೀಲಕ್ಕೆ ಹಾಕಿಕೊಟ್ಟರು. ಅವರ ಮನಸ್ಸು ಕರಗಿತೆಂದು ನಾನು ಬಲ್ಲೆ, ಏಕೆಂದರೆ ಅವರು ಪೆನ್ನು ಎತ್ತಿ ಹಿಡಿದು, ನನ್ನ ಕಡೆ ಒಮ್ಮೆ ಹುಬ್ಬು ಹಾರಿಸಿ, ಅಮ್ಮನನ್ನು ಬಹಳ ಮೃದುವಾಗಿ ಕೇಳಿದರು, ಅಟ್ಟ ತಾನಾಗೇ ತಾನೇ ಬಿದ್ದದ್ದು, ಗಾಳಿ ಗೀಳಿಗೆ, ಅಲ್ಲವೇ ಅಮ್ಮ ಎಂದು. ಹೂಂ ಎಂದಿದ್ದರೆ ಮುಗಿದಿತ್ತು.

"ತಾನಾಗೇ ಎಲ್ಲಿ ಬೀಳ್ತದಪ್ಪ, ನಾನೇ ಅಂಚಿನ ಕಾಯಿ ಎಳ್ದೆ. ತೊಲೆ ಶಿವರಾತ್ರಿಯಿಂದ ಕಿರುಗುಡ್ತಿತ್ತು, ನಾನೇ ಇರ್ಲಿ ಬುಡು ಅಂದಿದ್ದೆ. ಬರ್ಕೋ, ಸರಿಯಾಗಿ ಬರ್ಕೋ" ಎಂದರು ನಮ್ಮಮ್ಮ. ಉಪ್ಪಿಟ್ಟು ತಿಂದವರಿಗೆ ಸುಳ್ಳು ಹೇಳಬಾರದು ಎನ್ನುವುದು ಅವರ ಲೆಕ್ಕಾಚಾರ. ಬೆಟ್ಟಸ್ವಾಮಿಯವರು ನಿಟ್ಟುಸಿರು ಬಿಟ್ಟು ಸರಿಯಾಗಿಯೇ ಬರೆದುಕೊಂಡರು.

ಆಮೇಲೆ ತಮ್ಮ ಐದನೇ ಪತ್ರ ಬಂತು, ಜೊತೆಗೆ ನೂರ ಎಂಬತ್ತೇಳು ರೂಪಾಯಿ ನಲವತ್ತು ಪೈಸೆಯ ಚೆಕ್ಕು. ಎರಡು ಸಾವಿರದ ಎಂಟುನೂರ ಅರವತ್ತನ್ನು ಅಷ್ಟಕ್ಕೆ ಒಣಗಿಸಿದ ತಮ್ಮ ಕೈಚಳಕದ ಮುಂದೆ ನಮ್ಮ ಅಟ್ಟಗಳು ಏನೇನೂ ಅಲ್ಲ; ನಾವು ಹತ್ತು ತಿಂಗಳಲ್ಲಿ ಇಂಗಿಸುವ ನೀರನ್ನು ತಾವು ಹತ್ತೇ ದಿನದಲ್ಲಿ ಇಂಗಿಸಿದ್ದೀರಿ. ಗಾಡಿಗೆ ಎರಡೇ ವರ್ಷ, ಆದರೆ ತಮ್ಮ ಸವಕಳಿ ಲೆಕ್ಕದಲ್ಲಿ ಅದರ ಸೀಟಿಗೆ ಎಂಟು ವರ್ಷ, ಟೈರಿಗೆ ಹನ್ನೊಂದು, ಬಣ್ಣಕ್ಕೆ ನನ್ನ ವಯಸ್ಸು. ನಾಲ್ಕನೇ ಕಲಮನ್ನು ಓದಿ ನನಗೆ ಕಣ್ಣು ತುಂಬಿ ಬಂತು. ಮೂರು ಸಾವಿರ ಕಾಯಿಗಳು ನೆಲಕ್ಕೆ ಬೀಳದೆ ಮೋಟಾರ್ ಸೈಕಲ್ಲಿನ ಮೇಲೆ ಬಿದ್ದದ್ದರಿಂದ ಒಳಗಿನ ಕೊಬ್ಬರಿ ಒಡೆಯದೆ ಉಳಿಯಿತೆಂದೂ, ಇದರಿಂದ ವಿಮೆದಾರರ ಕುಟುಂಬಕ್ಕೆ ಆದ ಲಾಭವನ್ನು ಪರಿಹಾರದಲ್ಲಿ ಕಳೆಯಲಾಗಿದೆಯೆಂದೂ ಬರೆದಿದ್ದಿರಿ. ಇಷ್ಟು ದಿನ ನಾನು ಆ ಗಾಡಿಯನ್ನು ಹಾಳಾದ ಗಾಡಿ ಎಂದು ನೋಡುತ್ತಿದ್ದೆ. ಅದು ಕೊಬ್ಬರಿಗೆ ಹಾಸಿದ ಹಾಸಿಗೆ ಎಂದು ತೋರಿಸಿಕೊಟ್ಟವರು ತಾವು. ಅಮ್ಮ ಕೊಟ್ಟ ಹನ್ನೆರಡು ಉಂಡೆಯನ್ನೂ 'ಅಪಘಾತದ ಸ್ಥಳದಲ್ಲಿ ದೊರೆತ ಸುಸ್ಥಿತಿಯ ಸಾಮಗ್ರಿ' ಎಂದು ಪುರಾವೆಗೆ ಸೇರಿಸಿದ್ದಿರಿ. ಆ ಪುರಾವೆಯಲ್ಲಿ ಈಗ ಎಷ್ಟು ಉಂಡೆ ಉಳಿದಿದೆ ಎಂದು ನಾನು ಕೇಳುವುದಿಲ್ಲ, ಗೌರಿ ಹಬ್ಬ ಬಂದು ಹೋಗಿದೆ.

ಚೆಕ್ಕನ್ನು ನಾನು ಬ್ಯಾಂಕಿಗೆ ಹಾಕಿಲ್ಲ. ಅಂಗಡಿಯ ಗಲ್ಲಾಪೆಟ್ಟಿಗೆಯ ಗಾಜಿನ ಕೆಳಗೆ ಇಟ್ಟಿದ್ದೇನೆ. ಸ್ಲೇಟು ಬಳಪಕ್ಕೆ ಬಂದ ಜನ ನೋಡಿ ನಗಾಡಿಕೊಂಡು ಇನ್ನೊಂದು ನೋಟುಪುಸ್ತಕವನ್ನೂ ಕೊಳ್ಳುತ್ತಾರೆ. ಹೀಗಾಗಿ ಅದರ ಬೆಲೆ ದಿನದಿಂದ ದಿನಕ್ಕೆ ಏರುತ್ತಿದೆ.

ಇಷ್ಟೇ ಆಗಿದ್ದರೆ ನಾನು ಹನ್ನೆರಡನೆಯ ಲಕೋಟೆಗೂ ಅಂಟು ಹಚ್ಚಿ ಸುಮ್ಮನಿರುತ್ತಿದ್ದೆ. ಆದರೆ ಹನ್ನೆರಡು ದಿನದ ಹಿಂದೆ ತಮ್ಮ ಏಳನೆಯ ಪತ್ರ ಬಂತು. ಅದರ ಔದಾರ್ಯವನ್ನು ಹೇಗೆ ಹೊಗಳಲಿ ತಿಳಿಯದು. ಅದರಲ್ಲಿ ಬರೆದದ್ದು ಇದು: ವಿಮೆದಾರರ ತಾಯಿಯ ಹೇಳಿಕೆಯೇ ಈ ಕ್ಲೇಮಿಗೆ ಅಡ್ಡಿ. ಸದರಿ ಮಹಿಳೆಗೆ ವಯಸ್ಸಾಗಿದ್ದು, ಕಿವಿ ಮಂದವಾಗಿದೆಯೆಂದೂ, ನೆನಪು ಸರಿಯಿಲ್ಲವೆಂದೂ, ಸರ್ವೇಯರ ಪ್ರಶ್ನೆ ಆಕೆಗೆ ಸರಿಯಾಗಿ ಕೇಳಿಸಿರಲಿಲ್ಲವೆಂದೂ, ಅಟ್ಟ ಗಾಳಿಗೆ ಬಿದ್ದದ್ದೆಂದೂ ಮಗನು ಛಾಪಾ ಕಾಗದದಲ್ಲಿ ಪ್ರಮಾಣ ಮಾಡಿ ಬರೆದುಕೊಟ್ಟರೆ, ಪೂರ್ತಿ ಎರಡು ಸಾವಿರದ ಎಂಟುನೂರ ಅರವತ್ತನ್ನೂ ಸಹಾನುಭೂತಿಯಿಂದ ಪರಿಶೀಲಿಸಲಾಗುವುದು.

ಆ ಪತ್ರವನ್ನು ನಾನು ಗಿರಿಜಾಂಬಿಕೆಗೆ ಓದಿ ಹೇಳುತ್ತಿದ್ದೆ, ಮೆಲ್ಲಗೆ. ನಮ್ಮಮ್ಮ ಹಿತ್ತಲಲ್ಲಿ ಪಾತ್ರೆ ತೊಳೆಯುತ್ತಿದ್ದರು. ಅಷ್ಟು ದೂರದಿಂದ, ನಲ್ಲಿ ನೀರಿನ ಸದ್ದಿನ ಮಧ್ಯೆ, ಪ್ರತಿ ಅಕ್ಷರವೂ ಅವರಿಗೆ ಕೇಳಿಸಿತ್ತು. ಕೈ ಒರೆಸಿಕೊಳ್ಳುತ್ತಾ ಒಳಗೆ ಬಂದು ಬಾಗಿಲಿಗೆ ಒರಗಿ ನಿಂತರು.

"ಬರ್ಕೊಟ್ಬುಡ್ಲಾ," ಎಂದರು. "ನನ್ನ ಕಿವಿ ಹೋದ್ರೆ ಹೋಯ್ತು. ಗಿರ್ಜಮ್ಮನ ಕೆಲ್ಸ ಉಳೀಲಿ."

ನಾಚಿಕೆ ಬಿಟ್ಟು ಒಪ್ಪಿಕೊಳ್ಳುತ್ತೇನೆ ಸ್ವಾಮಿ, ಛಾಪಾ ಕಾಗದ ನನ್ನ ಅಂಗಡಿಯಲ್ಲಿ ಸಿಗುವುದಿಲ್ಲ, ಚಿಕ್ಕನಾಯಕನಹಳ್ಳಿಗೆ ಹೋಗಬೇಕು, ಬಸ್ಸು ಎಷ್ಟೊತ್ತಿಗೆ ಎಂದು ನಾನು ಲೆಕ್ಕ ಹಾಕುತ್ತಿದ್ದೆ. ಮಾತಾಡಿದವಳು ಗಿರಿಜಾಂಬಿಕಾ, ಕೆಲಸ ಯಾರದು ಹೋಗುತ್ತದೋ ಅವಳೇ.

"ಅತ್ತೆಗೆ ಕಿವಿ ಕೇಳಲ್ಲ ಅಂತ ಬರ್ಕೊಟ್ಟು ರಿಪೇರಿ ಮಾಡ್ಸಿದ ಗಾಡಿ ಮೇಲೆ ನಾನು ಕೂರೋದಿಲ್ಲ ಕಣ್ರೀ. ನಡ್ಕೊಂಡೇ ಹೋಗ್ತೀನಿ."

ಒಂದು ವಾರ ಹಾಗೇ ನಡೆದೇ ಹೋದಳು. ಏಳೂವರೆಗೆ ಬಿಟ್ಟರೆ ಹತ್ತಕ್ಕೆ ಐದು ನಿಮಿಷವಿರುವಾಗ ಶಾಲೆ. ಏಳನೇ ದಿನ ಪಾದದಲ್ಲಿ ಬೊಬ್ಬೆ ಎದ್ದದ್ದನ್ನು ನೋಡಿ, ಹೆರಿಗೆ ರಜದ ಮೇಲಿರುವ ನಮ್ಮೂರ ನರ್ಸು ವಿಮಲಮ್ಮನವರು ತಮ್ಮ ಲೇಡೀಸ್ ಸೈಕಲ್ಲನ್ನು ಕೊಟ್ಟರು. ಮೂವತ್ತನಾಲ್ಕು ವರ್ಷದ ಮೇಡಂ ಮೊನ್ನೆ ಶನಿವಾರ ಮತ್ತು ಭಾನುವಾರ ಕೂತು ಸೈಕಲ್ಲು ಕಲಿತಳು. ಕಲಿಸಿದವರು ಯಾರೆಂದರೆ, ಜನ್ಮದಲ್ಲಿ ಸೈಕಲ್ಲು ಹತ್ತದ ನಮ್ಮಮ್ಮ. ರಾಗಿ ಕಣದಲ್ಲಿ ಸೊಸೆಯನ್ನು ಸೀಟಿನ ಮೇಲೆ ಕೂರಿಸಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಕ್ಯಾರಿಯರು ಹಿಡಿದುಕೊಂಡು ಹಿಂದೆ ಓಡುತ್ತಾ, 'ಮುಂದುಕ್ ನೋಡು ಕಣೇ, ನನ್ನ ನೋಡ್ಬೇಡ' ಎಂದು ಕೂಗುತ್ತಿದ್ದದ್ದು ಸಂತೆಬೀದಿಗೂ ಕೇಳುತ್ತಿತ್ತು. ಏಳು ಸಾರಿ ಬಿದ್ದಳು. ಒಂದಕ್ಕೂ ನಾವು ಕ್ಲೇಮು ಹಾಕಿಲ್ಲ. ಸೋಮವಾರ ಒಂಬತ್ತೂವರೆಗೆ ಶಾಲೆಯಲ್ಲಿದ್ದಳು. ಅಷ್ಟು ಬೇಗ ಬಂದವರ ಹೆಸರಿನ ಮುಂದೆ ಏನು ಗೀಟು ಎಳೆಯಬೇಕೆಂದು ಹೆಡ್‌ಮಾಸ್ತರರಿಗೆ ತಿಳಿಯಲಿಲ್ಲವಂತೆ.

ಆದರೆ ವಿಮಲಮ್ಮನವರ ರಜ ದೀಪಾವಳಿಗೆ ಮುಗಿಯುತ್ತದೆ. ಸೈಕಲ್ಲು ವಾಪಸ್ಸು. ಮಾನ್ಯರೇ, ಈಗ ಪತ್ರವನ್ನು ಬಹಿರಂಗ ಮಾಡಿದ ಕಾರಣ ಹೇಳುತ್ತೇನೆ. ನಾನು ಸಹಿ ಹಾಕಿದರೂ ಆ ಕಾಗದ ತಮ್ಮ ಕಡತದಲ್ಲಿ ಗುಟ್ಟಾಗಿ ಇರುತ್ತದೆ ಎಂದು ತಾವು ಹೇಳಬಹುದು. ತಮ್ಮ ಗುಮಾಸ್ತರ ಭಾವಮೈದ ಕೊಬ್ಬರಿ ಮಂಡಿಯಲ್ಲಿ ಕೆಲಸಕ್ಕಿದ್ದಾರೆ. ಮಂಗಳವಾರ ಕಡತ ಸೇರಿದ ಸುದ್ದಿ ಬುಧವಾರದ ಹರಾಜಿಗೆ ಮುಂಚೆ ಮಂಡಿ ಸೇರುತ್ತದೆ: ಶಿವರುದ್ರಮ್ಮನಿಗೆ ಕಿವಿ ಮಂದವಂತೆ, ಮಗನೇ ಬರೆದುಕೊಟ್ಟಿದ್ದಾನಂತೆ. ಆಮೇಲೆ ನಮ್ಮ ಜಗಲಿಯಲ್ಲಿ ಚೀಲ ಹಿಡಿದು ಯಾರೂ ಕೂರುವುದಿಲ್ಲ. ನಾನು ಸಹಿ ಹಾಕದಿದ್ದರೂ ತಮ್ಮ ಏಳನೆಯ ಪತ್ರದ ನಕಲು ಅದೇ ಕಡತದಲ್ಲಿದೆ, ಅದರಿಂದ ಹುಟ್ಟುವ ಸುದ್ದಿಗಿಂತ ಮುಂಚೆ ಇದು ಎಲ್ಲರಿಗೂ ತಲುಪಲಿ ಎಂದು ಇಲ್ಲಿ ಅಚ್ಚು ಮಾಡಿಸಿದ್ದೇನೆ: ನಮ್ಮ ತಾಯಿಯವರಿಗೆ ಎರಡು ಕಿವಿಯೂ ಕೇಳುತ್ತದೆ. ಅವರು ಸರ್ವೇಯರಿಗೆ ಹೇಳಿದ್ದೆಲ್ಲ ನಿಜ. ಕಾಯಿ ಎಳೆದವರು ಅವರೇ, ತೊಲೆ ಕಿರುಗುಡುತ್ತಿದ್ದದ್ದೂ ನಿಜ, ಗಾಡಿಯನ್ನು ಅದರ ಕೆಳಗೆ ಭಕ್ತಿಯಿಂದ ನಿಲ್ಲಿಸಿದ್ದು ತಮ್ಮ ಪತ್ರದ ಪ್ರಕಾರ ಎಂಬುದೂ ನಿಜ. ಕಂತನ್ನು ನಿಜವಾದ ನೋಟುಗಳಲ್ಲಿ ಪಡೆದವರು ನಿಜವಾದ ಅಪಘಾತಕ್ಕೆ ಹಣ ಕೊಡಲು ಸುಳ್ಳು ಏಕೆ ಬೇಕೆಂದು ನನ್ನ ಸ್ಟೇಷನರಿ ಬುದ್ಧಿಗೆ ಹೊಳೆಯುತ್ತಿಲ್ಲ.

ಆದರೂ ತಮ್ಮ ಕಚೇರಿಗೆ ಪುರಾವೆಯ ಮೇಲೆ ಇರುವ ಪ್ರೀತಿಯನ್ನು ಬಲ್ಲವನಾಗಿ ಒಂದು ಕೋರಿಕೆ ಇಡುತ್ತೇನೆ. ತಾವೇ ಹಂದನಕೆರೆಗೆ ದಯಮಾಡಿಸಬೇಕು. ಹನ್ನೆರಡು ಮನೆಯ ಅಟ್ಟದಿಂದ ತಮಗೆ ಇಷ್ಟ ಬಂದ ಹನ್ನೆರಡು ಕಾಯಿಯನ್ನು ತಾವೇ ಆರಿಸಿ ತರಬೇಕು. ನಮ್ಮಮ್ಮ ಜಗಲಿಯಲ್ಲಿ ಕೂತು ಒಂದೊಂದನ್ನೂ ಅಲ್ಲಾಡಿಸಿ, ಯಾವುದರಲ್ಲಿ ನೀರು, ಯಾವುದು ಕೊಬ್ಬರಿ, ಯಾವುದು ಕೊಳೆತದ್ದು ಎಂದು ಹೇಳುತ್ತಾರೆ. ಊರ ಮುಂದೆ ಒಡೆದು ನೋಡೋಣ. ಒಂದೇ ಒಂದು ತಪ್ಪಿದರೂ ತಮ್ಮ ಛಾಪಾ ಕಾಗದಕ್ಕೆ ಅಲ್ಲೇ ಸಹಿ ಹಾಕುತ್ತೇನೆ, ಕಾಗದದ ಖರ್ಚೂ ನನ್ನದೇ. ಹನ್ನೆರಡೂ ಸರಿಯಾದರೆ ಅವರ ಹೇಳಿಕೆಯನ್ನು ಹೇಳಿದಂತೆಯೇ ಒಪ್ಪಿಕೊಂಡು, ದೀಪಾವಳಿಗೆ ಮುಂಚೆ, ಮಾಯಣ್ಣನ ಚೀಟಿಯಲ್ಲಿರುವಷ್ಟನ್ನು ಕೊಡಬೇಕು. ಬರುವಾಗ ನನ್ನ ಕಡತವನ್ನೂ ತನ್ನಿ. ಅದನ್ನೂ ಅವರು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ಒಳಗೆ ಏನಾದರೂ ಇದೆಯೋ ಕೊಳೆತಿದೆಯೋ ಹೇಳಿಬಿಡುತ್ತಾರೆ.

ತಮ್ಮ ಏಳೂ ಪತ್ರಗಳ ನಂತರವೂ ಹೇಗೋ ತಮ್ಮ ವಿಶ್ವಾಸಿಯಾಗಿಯೇ ಉಳಿದಿರುವ, ಚೆನ್ನಾಗಿ ಕಿವಿ ಕೇಳುವ ತಾಯಿಯ ಮಗ,

ತೋಂಟದಾರ್ಯ

ವಿ.ಸೂ.: ತಾವು ದಯಮಾಡಿಸುವ ದಿನ ತಮ್ಮ ಆಫೀಸಿನ ಜೀಪನ್ನು ದಯವಿಟ್ಟು ಬೀದಿಯಲ್ಲಿ ನಿಲ್ಲಿಸಿ ಅಜಾಗರೂಕತೆ ತೋರಬೇಡಿ. ಅದು ಒಳಗೆ ಬರಲೆಂದು ನಡುಮನೆಯ ಬಾಗಿಲಿನ ಚೌಕಟ್ಟನ್ನು ಬಿಚ್ಚಿಸಿ, ಸೂರಿರುವ, ಬಾಗಿಲಿರುವ, ಭದ್ರವಾದ ಸ್ಥಳವನ್ನು ಅಮ್ಮ ಗುಡಿಸಿ ಸಾರಿಸಿ ಇಟ್ಟಿದ್ದಾರೆ. ಮೇಲಿನ ಅಟ್ಟವನ್ನು ಮತ್ತೆ ಕಟ್ಟಿ ಈ ವರ್ಷದ ನಾಲ್ಕು ಸಾವಿರ ಕಾಯಿ ತುಂಬಿದ್ದೇವೆ. ತೊಲೆ ಮಾತ್ರ ಅದೇ ಹಳೆಯದು, ಪಟ್ಟಿ ಬಡಿದು ಏರಿಸಿದ್ದೇವೆ, ಹೊಸದಕ್ಕೆ ತಮ್ಮ ಚೆಕ್ಕು ಸಾಲದು. ಕಾಯಿ ಇನ್ನು ಹತ್ತು ತಿಂಗಳು ಮಾತಾಡುವುದಿಲ್ಲ ಎಂದು ಚೆನ್ನಾಗಿ ಗೊತ್ತಿದ್ದರೂ, ಸಾಹೇಬರ ಜೀಪು ಒಳಗೆ ಬಂದು ನಿಂತ ಕೂಡಲೇ ಅಂಚಿನದೊಂದನ್ನು ಎಳೆದು ನೋಡಬೇಕೆಂದು ಅಮ್ಮ ಏಣಿಯನ್ನು ಈಗಲೇ ಒರಗಿಸಿ ಕಾಯುತ್ತಿದ್ದಾರೆ.